ದೊಡ್ಡ ಅಕ್ಷರಕ್ಕಾಗಿ ಐದು ಊರು

ಕೂಡ್ಲಿಗಿ ಬಸ್ ನಿಲ್ದಾಣಕ್ಕೆ ನಾನು ಬಂದಾಗ ಬೆಳಗಿನ ಏಳೂಕಾಲು. ಕಾರ್ತಿಕದ ಚಳಿ ಇನ್ನೂ ಬಿಟ್ಟಿರಲಿಲ್ಲ. ಕೈಚೀಲದಲ್ಲಿ ಒಂದು ಸೀರೆ, ಆರು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಆಧಾರ್ ಕಾರ್ಡು, ಒಂದು ನೋಟುಬುಕ್ಕು, ಟವೆಲ್ಲಿನಲ್ಲಿ ಸುತ್ತಿದ ಇ-ರೀಡರು ಇದ್ದವು. ತಮ್ಮನ ಹೆಂಡತಿ ಸುಮಂಗಲಾ ಮನೆಯಿಂದ ನಿಲ್ದಾಣದವರೆಗೂ ಹಿಂದೆಯೇ ಬಂದಿದ್ದಳು.

“ಯಾರನ್ನಾರ ಜೋಡಿ ಕರ್ಕೊಂಡು ಹೋಗ್ರಿ ಅಕ್ಕಾ. ಬಸ್ಸಿನ ಬೋರ್ಡು ನಿಮಗ ಕಾಣಂಗಿಲ್ಲ.”

“ಬೋರ್ಡು ಕಾಣದಿದ್ರ ಏನಾತು, ಬಾಯಿ ಐತಲ್ಲ” ಎಂದು ಕೊಟ್ಟೂರಿನ ಬಸ್ಸು ಯಾವುದೆಂದು ಕೂಗಿ ಕೇಳಿ, ಹತ್ತಿ ಕುಳಿತೆ.

ನನ್ನ ಕಣ್ಣಿನ ಸಂಗತಿ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅಯ್ಯೋ ಪಾಪ ಅನ್ನುವವರಿಗೆ ಜಾಗ ಇರಬಾರದು. ಎರಡೂ ಕಣ್ಣಿನ ಒಳಪರದೆ ನಡುವಿನಲ್ಲಿ ಸವೆದಿದೆ. ನೇರ ನೋಡಿದ್ದು ಮಸುಕು, ಸುತ್ತಲಿನದು ಚೆನ್ನಾಗಿಯೇ ಕಾಣುತ್ತದೆ. ಎದುರು ನಿಂತವರ ಮೂಗು ಕಾಣದು, ಕಿವಿಯ ಓಲೆ ಕಾಣುತ್ತದೆ. ಕನ್ನಡಕದಿಂದ ಸರಿಹೋಗುವುದಲ್ಲ, ಅಕ್ಷರ ದೊಡ್ಡದಿದ್ದರೆ ಓದಬಹುದು ಎಂದು ಡಾಕ್ಟರು ಹೇಳಿದರು. ನಾನು ಆ ಮಾತಿನ ಕೊನೆಯ ಅರ್ಧ ಮಾತ್ರ ಕೇಳಿಸಿಕೊಂಡೆ.

ಈ ಪ್ರಯಾಣ ನಡೆದದ್ದು ಒಂದು ಪತ್ರಿಕೆಗಾಗಿ. ಹರಪನಹಳ್ಳಿಯಿಂದ ಹೊರಡುವ ನಾಲ್ಕು ಪುಟದ ದಿನಪತ್ರಿಕೆ ಅದು. ಹೆಸರು ಬರೆಯುವುದಿಲ್ಲ, ಬರೆದರೆ ಸಂಪಾದಕ ಪುಕ್ಕಟೆ ಜಾಹೀರಾತು ಅಂದುಕೊಂಡಾನು. ಆ ಪತ್ರಿಕೆಯ ಅಚ್ಚುಕೂಟದಲ್ಲಿ ನಾನು ಹದಿನೆಂಟು ವರ್ಷ ಮೊಳೆ ಜೋಡಿಸಿದವಳು. ಒಂದೊಂದೇ ಸೀಸದ ಅಕ್ಷರ ಹೆಕ್ಕಿ ಸಾಲು ಕಟ್ಟುವ ಕೆಲಸ. ಪಕ್ಕದ ಕೇಸಿನ, ಎಂದರೆ ಮೊಳೆಯ ಪೆಟ್ಟಿಗೆಯ, ಮುಂದೆ ಅಷ್ಟೂ ವರ್ಷ ನಿಂತವಳು ಫಾತಿಮಾಬಿ. ಐದು ತಾಲೂಕಿನ ಮದುವೆ, ಸಾವು, ಪಂಚಾಯಿತಿ ಜಗಳ ಎಲ್ಲ ಊರಿಗಿಂತ ಒಂದು ದಿನ ಮುಂಚೆ ನಮ್ಮಿಬ್ಬರ ಬೆರಳಿಗೆ ಗೊತ್ತಾಗುತ್ತಿತ್ತು.

ಕಣ್ಣು ಹೀಗಾದ ಮೇಲೆ ಸುಮಂಗಲಾ ದಿನಾ ಬೆಳಗ್ಗೆ ಒಲೆಯ ಮೇಲೆ ಹಂಚಿಟ್ಟುಕೊಂಡೇ ನನಗೆ ಪತ್ರಿಕೆ ಓದಿ ಹೇಳುತ್ತಿದ್ದಳು. ಒಳ್ಳೆಯ ಹೆಣ್ಣುಮಗಳು, ಸುಳ್ಳು ಹೇಳಬಾರದು. ಆದರೆ ಒಂದು ದಿನ ಹಡಗಲಿ ಕಡೆಯ ಬಳೆಗಾರ್ತಿ ಮನೆಗೆ ಬಂದು ಬಳೆ ತೊಡಿಸುತ್ತ, ಫಾತಿಮಾ ಸತ್ತು ಮೂರು ವಾರವಾಯಿತಲ್ಲ ಎಂದಳು. ಪತ್ರಿಕೆಯಲ್ಲಿ ಫೋಟೊ ಸಮೇತ ಬಂದಿತ್ತಂತೆ. ಸುಮಂಗಲಾಳನ್ನು ಕೇಳಿದೆ. “ನೀವು ನೊಂದ್ಕೋತೀರಿ ಅಂತ ಓದಲಿಲ್ರಿ ಅಕ್ಕಾ” ಎಂದು ಅತ್ತಳು. ನಾನೂ ಅತ್ತೆ. ಆದರೆ ಅವತ್ತೇ ತೀರ್ಮಾನಿಸಿದೆ, ನನ್ನ ದುಃಖವನ್ನು ಸೋಸಿ ಬಡಿಸುವ ಅಧಿಕಾರ ಇನ್ನು ಯಾರಿಗೂ ಇಲ್ಲ, ನನ್ನ ಪತ್ರಿಕೆ ನಾನೇ ಓದಬೇಕು.

ತಮ್ಮನ ಮಗಳು ಚೈತ್ರಾ ಇ-ರೀಡರು, ಎಂದರೆ ಪುಸ್ತಕ ಓದುವ ಯಂತ್ರ, ತಂದುಕೊಟ್ಟಿದ್ದಳು. ಫೋನಿನ ಹೊಳಪಿಗೆ ಹತ್ತು ನಿಮಿಷದಲ್ಲಿ ನನ್ನ ಕಣ್ಣಲ್ಲಿ ನೀರಿಳಿಯುತ್ತದೆ, ಇದು ಕಾಗದದ ಹಾಗೆ ತಣ್ಣಗಿದೆ. ಅಕ್ಷರವನ್ನು ಹೆಬ್ಬೆರಳಿನಷ್ಟು ಮಾಡಿದರೆ ಒಂದು ಪುಟಕ್ಕೆ ನಾಲ್ಕೇ ಸಾಲು ಹಿಡಿದರೂ, ತಲೆ ಕೊಂಚ ಓರೆ ಮಾಡಿ ಓದಬಲ್ಲೆ. ತೊಂದರೆ ಇದ್ದದ್ದು ಪತ್ರಿಕೆಯಲ್ಲಿ. ಅದು ವಾಟ್ಸಾಪಿನಲ್ಲಿ ಪುಟದ ಫೋಟೊ ತೆಗೆದ ಹಾಗೆ ಬರುತ್ತದೆ. ದೊಡ್ಡದು ಮಾಡಿದರೆ ಸಾಲಿನ ತಲೆ ಒಂದು ಕಡೆ, ಬಾಲ ಇನ್ನೊಂದು ಕಡೆ. ಅಕ್ಷರಗಳನ್ನಷ್ಟೇ ಎತ್ತಿಕೊಳ್ಳೋಣವೆಂದರೆ, ಹಳೇ ಕಾಲದ ಫಾಂಟಾದ್ದರಿಂದ ಕನ್ನಡದ ಬದಲು ಇಂಗ್ಲಿಷಿನ ಚೂರುಪಾರು ಬೀಳುತ್ತಿತ್ತು. ಕೊನೆಗೆ ಚೈತ್ರಾ ಒಂದು ದಿನದ ಮುಖಪುಟವನ್ನು ತಾನೇ ಕೂತು ಟೈಪ್ ಮಾಡಿ ಯಂತ್ರಕ್ಕೆ ಹಾಕಿಕೊಟ್ಟಳು. ಅದರಲ್ಲಿ ಕುಡಿಯುವ ನೀರಿನ ಪೈಪು ಒಡೆದ ಸುದ್ದಿಯಿತ್ತು. ಒಂದೇ ದಿನದ ಪತ್ರಿಕೆಯನ್ನು ಎರಡು ತಿಂಗಳು ಓದಿದವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಸಂಪಾದಕ ಮಹಾಂತೇಶನಿಗೆ ಫೋನು ಹಚ್ಚಿದೆ. ಹಳೆಯ ಮಾಲೀಕರ ಮಗ, ಅಚ್ಚಿನ ಮಸಿಯಲ್ಲಿ ಉರುಳಾಡುತ್ತಿದ್ದವನನ್ನು ಎತ್ತಿ ತೊಳೆದವಳು ನಾನು. ಹೊಸ ರೀತಿಯ ಅಕ್ಷರದಲ್ಲಿ ಸುದ್ದಿ ಕಳಿಸು, ಯಂತ್ರದಲ್ಲಿ ದೊಡ್ಡದು ಮಾಡಿ ಓದಿಕೊಳ್ಳುತ್ತೇನೆ ಎಂದೆ. ಅವನು ನಕ್ಕ.

“ನಿಮಗೊಬ್ಬರಿಗೆ ಅಂತ ಪೇಪರ್ ಬ್ಯಾರೆ ಮಾಡಾಕಾಗ್ತತೇನ್ರಿ ಪಾರಕ್ಕ? ಐದು ತಾಲೂಕಿಗೆ ಹೋಗೋ ಪೇಪರ್ ಇದು. ತಾಲೂಕಿಗೆ ಒಬ್ಬರಂಗ ಐದು ಮಂದಿ ಹೆಸರು ತಗೊಂಬರ್ರಿ, ನೋಡಾಣ.”

ಬರುವುದಿಲ್ಲ ಎಂದುಕೊಂಡೇ ಹೇಳಿದ್ದು ಅದು. ಕೂಡ್ಲಿಗಿಗೆ ನನ್ನದೇ ಹೆಸರು ಬರೆದುಕೊಂಡು ಮರುವಾರವೇ ಹೊರಟೆ.

ಕೊಟ್ಟೂರಿಗೆ ಇಪ್ಪತ್ತೈದು ಕಿಲೋಮೀಟರ್ ಆಸುಪಾಸು. ನಮಗೆ ಹೆಂಗಸರಿಗೆ ಬಸ್ಸು ಪುಕ್ಕಟೆ, ಆದರೂ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದು ಕೊಡುತ್ತಾರೆ. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದರು. ಡ್ರೈವರು ಬಯ್ಯುತ್ತ, ಆದರೆ ಒಂದು ಕಾಳೂ ತುಳಿಯದೆ ಬಸ್ಸು ನಡೆಸಿದ. ಕೊಟ್ಟೂರಿನಲ್ಲಿ ನಮ್ಮ ಪತ್ರಿಕೆಯ ಏಜೆಂಟು, ವರದಿಗಾರ, ಜಾಹೀರಾತು ಹಿಡಿಯುವವನು ಮೂವರೂ ಒಬ್ಬನೇ. ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಆತ ನನ್ನ ಮಾತು ಕೇಳಿ, ಕಣ್ಣಿನ ತೊಂದರೆ ಇರುವವರು ಮಾರುಕಟ್ಟೆಯಲ್ಲೊಬ್ಬರು ಇದ್ದಾರೆ ಎಂದು ಕಳಿಸಿದ.

ಅವರ ಹೆಸರು ಗುರುಬಸಪ್ಪ. ದಲಾಲಿ ಅಂಗಡಿಯಲ್ಲಿ ತೂಕದ ಚೀಟಿ ಬರೆಯುವ ಗುಮಾಸ್ತರು. ನಾನು ಹೋದಾಗ ಪತ್ರಿಕೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದರು. ನನ್ನ ಸುಳಿವು ಸಿಕ್ಕಿದ್ದೇ ತಡ, ಕೈಯಲ್ಲಿದ್ದ ಭೂತಗನ್ನಡಿ ಜೇಬಿಗಿಳಿಯಿತು. ನಾನು ಬಂದ ಕೆಲಸ ಹೇಳಿದೆ.

“ನನ್ನ ಕಣ್ಣಿಗೇನಾಗೈತ್ರಿ?” ಎಂದು ಅಂಗಡಿಗೆಲ್ಲ ಕೇಳುವಂತೆ ದನಿ ಎತ್ತಿದರು. “ಹದ್ದಿನ ಕಣ್ಣು ನಂದು. ಬ್ಯಾರೆ ಯಾರನ್ನಾರ ನೋಡ್ಕೋರಿ.”

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಎರಡು ಮಾತು ಅಂದೇ ಹೊರಬಿದ್ದೆ. ಬೀದಿಯ ತಿರುವಿನವರೆಗೆ ಹಿಂದೆಯೇ ಯಾರೋ ಬಂದರು. ಅವರೇ.

“ಸಿಟ್ಟಾಗಬ್ಯಾಡ್ರಿ ಅಮ್ಮಾರ. ನನ್ನ ಹೆಸರು ಆ ಪಟ್ಯಾಗ ಬಂದ್ರ, ನಾಳೆ ಸಾವ್ಕಾರ ಚೀಟಿ ಬರೆಯಾಕ ಬ್ಯಾರೆಯಾಂವನ್ನ ಇಡ್ತಾನ. ಇನ್ನೆರಡು ವರ್ಷ ಹೆಂಗರ ತಳ್ಳಬೇಕು.”

ಕಣ್ಣು ಮಂಜಾದದ್ದು ಕಳ್ಳತನ ಮಾಡಿದ ಹಾಗೆ ಮುಚ್ಚಿಡಬೇಕಾದ ಈ ವ್ಯವಸ್ಥೆಯ ಮೇಲೆ ಸಿಟ್ಟು ಬಂತು. ಅವರ ಹೆಸರನ್ನು ನಾನು ಬರೆಯಲಿಲ್ಲ, ಇಲ್ಲಿ ಹಾಕಿದ್ದೂ ಅವರ ನಿಜವಾದ ಹೆಸರಲ್ಲ. ನಿಲ್ದಾಣದ ಹತ್ತಿರ ಮಂಡಕ್ಕಿ ಒಗ್ಗರಣಿ-ಮಿರ್ಚಿ ತಿಂದೆ, ಮೂವತ್ತು ರೂಪಾಯಿ. ಮಿರ್ಚಿಯ ಖಾರ ನನ್ನ ಸಿಟ್ಟಿಗೆ ಸರಿಜೋಡಿಯಾಗಿತ್ತು.

ಹಗರಿಬೊಮ್ಮನಹಳ್ಳಿಗೆ ಒಂದು ಗಂಟೆ ಹಿಡಿಯಿತು. ಬಿಸಿಲು ಏರಿ ಸ್ವೆಟರ್ ಬಿಚ್ಚಿದೆ. ಇಳಿದವಳು ನಿಲ್ದಾಣದ ಎದುರಿನ ಚಹಾ ಹೋಟೆಲಿಗೆ ಹೋದೆ, ಏಕೆಂದರೆ ಅಲ್ಲಿ ಪತ್ರಿಕೆ ಜೋರಾಗಿ ಓದುವ ದನಿ ಕೇಳುತ್ತಿತ್ತು. ನಮ್ಮ ಕಡೆ ಇದು ಹಳೆಯ ರೂಢಿ. ಒಂದು ಪತ್ರಿಕೆ, ಹತ್ತು ಜನ, ಓದುವವನಿಗೆ ಚಹಾ ಪುಕ್ಕಟೆ. ಅವತ್ತು ಓದುತ್ತಿದ್ದವನು ಶಾಮಿಯಾನ ಅಂಗಡಿಯ ತಿಪ್ಪೇಸ್ವಾಮಿ. ಗಂಟಲು ಚೆನ್ನಾಗಿತ್ತು. ಒಂದನೇ ಪುಟ ಮುಗಿಸಿ, ಎರಡನೆಯದು ಮುಗಿಸಿ, ನೇರ ನಾಲ್ಕಕ್ಕೆ ಹಾರಿದ.

ಎರಡನೆಯ ಪುಟ ಮುಗಿಯುತ್ತಲೇ ಹಾಳೆ ಮಗುಚಿದ ಸದ್ದು ಕೇಳಿತ್ತು, ಅದರ ಎದುರಿನ ಮೂರನೆಯದರ ಒಂದು ಸಾಲೂ ಬಂದಿರಲಿಲ್ಲ. ಹದಿನೆಂಟು ವರ್ಷ ಅದೇ ನಾಲ್ಕು ಪುಟ ಕಟ್ಟಿದವಳ ಕಿವಿಗೆ ಮೋಸ ಮಾಡಲಾಗದು. “ಮೂರನೇ ಪುಟ ಯಾಕ ಬಿಟ್ಟೀಪಾ?” ಎಂದೆ.

“ಅದರಾಗ ಏನಿಲ್ಲ ಬಿಡ್ರಿ ಅಮ್ಮಾ. ಆ ಪಕ್ಷದೋರ ಸಭೆ ಸುದ್ದಿ.”

ಮೂಲೆಯಲ್ಲಿ ಕುಳಿತಿದ್ದ ಮುದುಕರೊಬ್ಬರು ಲೋಟ ಕುಕ್ಕಿದರು. “ಏನಿಲ್ಲ ಅನ್ನಾಕ ನೀ ಯಾರಲೇ? ನಾ ಆ ಪಕ್ಷದಾಂವ ಅದೀನಿ! ಎಷ್ಟು ದಿನ ಆತು ಹಿಂಗ ನುಂಗಾಕತ್ತಿ?”

“ಚಾ ಕುಡಿದ ಋಣಕ್ಕ ಓದ್ತೀನಿ ಮಾವಾ. ಎಲ್ಲಾ ಓದಾಕ ನನಗೇನು ಹುಚ್ಚೈತೇನು?”

ದೊಡ್ಡ ಗಲಾಟೆಯೇ ಆಯಿತು. ಆ ಗಲಾಟೆಯ ನಡುವೆ ನಾನು ಟವೆಲ್ಲು ಬಿಚ್ಚಿ ಇ-ರೀಡರು ಹೊರತೆಗೆದೆ. ಸ್ಲೇಟು ಎಂದ ಒಬ್ಬ, ಟಿಕೆಟ್ ಮಷೀನು ಎಂದ ಇನ್ನೊಬ್ಬ. ಅಕ್ಷರ ಹೆಬ್ಬೆರಳಿನಷ್ಟು ಮಾಡಿ ಆ ಮುದುಕರ ಕೈಗೆ ಕೊಟ್ಟೆ. ಅವರ ಹೆಸರು ಹಾಲಪ್ಪ, ಹತ್ತಿ ಗಿರಣಿಯಲ್ಲಿ ದುಡಿದು ಬಿಟ್ಟವರು. ಯಂತ್ರವನ್ನು ಒಮ್ಮೆ ದೂರ, ಒಮ್ಮೆ ಹತ್ತಿರ ಹಿಡಿದು, ಮಗ್ಗಿ ಒಪ್ಪಿಸುವವರ ಹಾಗೆ ಬಿಡಿಬಿಡಿಯಾಗಿ ಓದಿದರು. “ಕು-ಡಿ-ಯುವ ನೀ-ರಿನ ಪೈ-ಪು…” ಓದಿ ತಲೆ ಎತ್ತಿ, “ಇದು ಯಾವಾಗಿಂದು? ನಮ್ಮೂರಾಗ ದಿನಾ ಒಡೀತೈತಿ” ಎಂದರು. ಹೋಟೆಲೆಲ್ಲ ನಕ್ಕಿತು.

ನೋಟುಬುಕ್ಕಿನಲ್ಲಿ ಅವರು ತಾವೇ ಹೆಸರು ಬರೆದರು. ಇನ್ನೊಬ್ಬರು, ಲಾರಿ ಓಡಿಸಿ ಬಿಟ್ಟ ಹನುಮಂತಪ್ಪ, ಅವರೂ ಬರೆದರು. ಈ ಯಂತ್ರ ಇಲ್ಲದಿದ್ದರೂ ಮಗನ ಫೋನಿನಲ್ಲಿ ದೊಡ್ಡ ಅಕ್ಷರ ಮಾಡಿಕೊಂಡು ಓದಿಯೇನು ಎಂದರು. ಹೋಟೆಲಿನವನಿಗೆ ಮಾತ್ರ ಸಮಾಧಾನವಿರಲಿಲ್ಲ. “ಎಲ್ಲಾರೂ ಅವರವರ ಮನ್ಯಾಗ ಓದಿಕೆಂಡ್ರ ನನ್ನ ಚಾ ಯಾರು ಕುಡೀತಾರ?” ಎಂದು ಗೊಣಗಿದ. ಹತ್ತು ರೂಪಾಯಿ ಚಹಾಕ್ಕೆ ಹತ್ತು ರೂಪಾಯಿ ತೆಗೆದುಕೊಂಡ, ಚಿಲ್ಲರೆ ಇಲ್ಲ ಎನ್ನುವ ತಂಟೆಯೂ ಇರಲಿಲ್ಲ.

ಹಡಗಲಿ ತಲುಪಿದಾಗ ನಾಲ್ಕು ಗಂಟೆ. ನಿಲ್ದಾಣದಿಂದ ಫಾತಿಮಾಳ ಮನೆಗೆ ಆಟೊದವನು ನಲವತ್ತು ಕೇಳಿದ, ಮೂವತ್ತಕ್ಕೆ ಒಪ್ಪಿದ. ಬಾಗಿಲಲ್ಲಿ ಅವಳ ಮಗಳು ನಸೀಮಾ ನಿಂತಿದ್ದಳು. ಮುಖ ಕಾಣಲಿಲ್ಲ, ಕಿವಿಯಲ್ಲಿ ಫಾತಿಮಾಳ ಜುಮುಕಿ ಕಂಡಿತು. ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟೆ.

“ಜಿಯಾರತ್ ದಿನ ನಿಮ್ಮನ್ನ ಭಾಳ ಕಾದ್ವಿ ಪಾರಮ್ಮಾ” ಎಂದಳು ನಸೀಮಾ, ನೀರು ಕೊಟ್ಟು. ಸತ್ತ ಮೂರನೆಯ ದಿನದ ಪ್ರಾರ್ಥನೆ ಅದು. “ನಿಮ್ಮ ನಂಬರು ಅಮ್ಮಿ ಫೋನಿನಾಗಿತ್ತು, ಅದರ ಲಾಕು ನಮಗ್ಯಾರಿಗೂ ಗೊತ್ತಿಲ್ಲ. ಪೇಪರ್‌ನ್ಯಾಗ ಹಾಕಿಸಿದ್ರ ಪಾರಕ್ಕ ನೋಡೇ ನೋಡ್ತಾಳ, ಓದದ ಬಿಡಾಕಿ ಅಲ್ಲ ಅಂದ್ರು ನಮ್ಮ ಅಬ್ಬಾ. ಅದಕ್ಕ ಆ ಪೇಪರ್‌ಗೇ ಹಾಕಿಸಿದ್ವಿ.”

ನನಗಾಗಿಯೇ ಹಾಕಿಸಿದ ಸುದ್ದಿ. ಅದು ನನ್ನ ಮನೆಗೆ ಬಂದಿತ್ತು. ಒಲೆಯ ಮುಂದೆ, ನನ್ನಿಂದ ಎರಡು ಮೊಳ ದೂರದಲ್ಲಿ, ತೆರೆದ ಪುಟದಲ್ಲಿತ್ತು. ಇದನ್ನು ಹೇಗೆ ಹೇಳಲಿ? ಆದರೂ ಹೇಳಿದೆ. ಫಾತಿಮಾಳ ಗಂಡ ಇಮಾಮ್‌ಸಾಬರು ಒಳಗಿನಿಂದ ಬಂದು ಎದುರು ಕುಳಿತು ಎಲ್ಲ ಕೇಳಿಸಿಕೊಂಡರು. ಅವರು ಗಡಿಯಾರ ರಿಪೇರಿ ಮಾಡುವವರು.

“ಓದಿ ಹೇಳ್ಲೇನು?” ಎಂದು ನಸೀಮಾ ಪತ್ರಿಕೆಯ ಕತ್ತರಿಸಿದ ತುಂಡು ತಂದಳು.

“ಬ್ಯಾಡವ್ವಾ. ನಾನ ಓದ್ತೀನಿ. ನೀ ಅದನ್ನ ಫೋನಿನಾಗ ಟೈಪ್ ಮಾಡು.”

ಅವಳು ಟೈಪ್ ಮಾಡಿ, ಚೈತ್ರಾ ಬರೆದುಕೊಟ್ಟಿದ್ದ ಇಮೇಲ್ ವಿಳಾಸಕ್ಕೆ ಕಳಿಸಿ, ತನ್ನ ಫೋನಿನ ನೆಟ್ಟಿಗೆ ನನ್ನ ಯಂತ್ರ ಜೋಡಿಸಿದಳು. ಸ್ವಲ್ಪ ಹೊತ್ತಿಗೆ ಯಂತ್ರದಲ್ಲಿ ಬಂತು. ಅಕ್ಷರ ದೊಡ್ಡದು ಮಾಡಿದೆ. ನಾಲ್ಕು ಸಾಲು, ಮುಂದಿನ ಪುಟ, ಮತ್ತೆ ನಾಲ್ಕು ಸಾಲು. ಹಡಗಲಿಯ ಫಾತಿಮಾಬಿ ಅವರು ಅಲ್ಪಕಾಲದ ಅನಾರೋಗ್ಯದಿಂದ ನಿಧನರಾದರು. ಅವರು ಹರಪನಹಳ್ಳಿಯಲ್ಲಿ ಹದಿನೆಂಟು ವರ್ಷ ಇದೇ ಪತ್ರಿಕೆಯ ಅಕ್ಷರ ಜೋಡಿಸಿದ್ದರು. ಪತಿ, ಮಗಳು ಮತ್ತು ಗೆಳತಿ ಪಾರ್ವತಮ್ಮನವರನ್ನು ಅಗಲಿದ್ದಾರೆ.

ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ. ಸತ್ತವರು ಬಿಟ್ಟುಹೋದ ಬಂಧುಗಳ ಪಟ್ಟಿಯಲ್ಲಿ ಗೆಳತಿಯ ಹೆಸರು ಹಾಕುವ ರೂಢಿ ಯಾವ ಪತ್ರಿಕೆಯಲ್ಲೂ ಇಲ್ಲ. ಇಮಾಮ್‌ಸಾಬರು ಹಠ ಹಿಡಿದು ಹಾಕಿಸಿದ್ದಂತೆ. ಯಾರಾದರೂ ಓದಿ ಹೇಳಿದ್ದರೆ ಅದು ಒಂದು ಗಳಿಗೆಯಲ್ಲಿ ಕಿವಿ ದಾಟಿ ಹೋಗುತ್ತಿತ್ತು. ಹೊಟ್ಟೆ ತುಂಬ ಅತ್ತೆ, ಸುದ್ದಿ ತಿಳಿದ ದಿನದಿಂದ ಅರ್ಧಕ್ಕೆ ನಿಂತಿದ್ದ ಅಳು ಅದು. ಅತ್ತ ಮೇಲೆ ಎದೆ ಹಗುರಾಯಿತು.

ರಾತ್ರಿ ಊಟಕ್ಕೆ ಅನ್ನ, ಬೇಳೆಸಾರು, ನನ್ನ ರೊಟ್ಟಿ. ಅಲ್ಲೇ ಉಳಿದೆ. ಇಮಾಮ್‌ಸಾಬರು ನೋಟುಬುಕ್ಕು ಕೇಳಿ ತೆಗೆದುಕೊಂಡು ಹೆಸರು ಬರೆದರು. “ಒಂದು ಕಣ್ಣು ಗಡಿಯಾರಕ್ಕ ಕೊಟ್ಟೆ, ಇನ್ನೊಂದು ತಾನ ಹೋಗಾಕತ್ತೈತಿ. ಆ ಮಾಂತೇಶಗ ಹೇಳ್ರಿ, ನಮ್ಮ ದುಡ್ಡು ತಗೊಂಡು ಅಚ್ಚು ಹಾಕಿದ ಸುದ್ದಿ ನಮಗ ಕಾಣಬೇಕಲ್ಲೋ ಅಂತ” ಎಂದರು.

ಮರುದಿನ ಎಂಟು ಗಂಟೆಯ ಬಸ್ಸಿನಲ್ಲಿ ಹರಪನಹಳ್ಳಿಗೆ ಹೊರಟೆ. ಮುಂದಿನ ಸೀಟುಗಳ ಕೆಳಗೆಲ್ಲ ಮಲ್ಲಿಗೆಯ ಬುಟ್ಟಿಗಳು. ಪಕ್ಕದಲ್ಲಿ ಕುಳಿತ ಬಾಗಳಿಯ ಹೆಂಗಸೊಬ್ಬಳು ನನ್ನ ಯಂತ್ರ ನೋಡಿ, ಇದರಲ್ಲಿ ಧಾರಾವಾಹಿ ಬರುತ್ತದೆಯೇ ಎಂದು ಕೇಳಿದಳು. ಬರುವುದಿಲ್ಲ, ಓದುವುದಕ್ಕೆ ಮಾತ್ರ ಎಂದೆ. “ಹಂಗಾರ ಸುಮ್ನ ದುಡ್ಡು ದಂಡ” ಎಂದು ಕಿಟಕಿಗೆ ತಿರುಗಿದಳು. ಎಲ್ಲರೂ ನನ್ನ ಪಕ್ಷ ಸೇರಬೇಕೆಂದೇನಿಲ್ಲ.

ಹರಪನಹಳ್ಳಿ ಬಸ್ ನಿಲ್ದಾಣದಿಂದ ಅಚ್ಚುಕೂಟಕ್ಕೆ ನನ್ನ ಕಾಲಿಗೆ ಕಣ್ಣು ಬೇಕಿಲ್ಲ. ಮೊಳೆಯ ಕೇಸುಗಳಿದ್ದ ಕೋಣೆಯಲ್ಲಿ ಈಗ ಎರಡು ಕಂಪ್ಯೂಟರು. ಅದರ ಮುಂದೆ ಪುಟ ಕಟ್ಟುವ ಹುಡುಗಿ ರೇಖಾ. ಸಂಪಾದಕರು ಇಲ್ಲ, ನಾಲ್ಕಕ್ಕೆ ಬರುತ್ತಾರೆ ಎಂದಳು. ನಾನು ಬರುವುದು ಕೊಟ್ಟೂರಿನ ಏಜೆಂಟಿನಿಂದ ಮಹಾಂತೇಶನಿಗೆ ಗೊತ್ತಾಗಿತ್ತು, ಕಾದು ಕಾದು ಹೋಗಲಿ ಎಂದು ತಪ್ಪಿಸಿಕೊಂಡಿದ್ದ. ಕಾಯುವುದರಲ್ಲಿ ನನ್ನನ್ನು ಸೋಲಿಸುವವನು ಇನ್ನೂ ಹುಟ್ಟಿಲ್ಲ. ಬೆಂಚಿನ ಮೇಲೆ ಕುಳಿತು ಉಳಿದ ರೊಟ್ಟಿ ತಿಂದು, ಒಂದು ನಿದ್ದೆಯನ್ನೂ ತೆಗೆದೆ.

ನಾಲ್ಕೂಕಾಲಿಗೆ ಬಂದ. ನೋಟುಬುಕ್ಕನ್ನು ಅವನ ಮುಂದಿಟ್ಟೆ. ಎಣಿಸಿದ.

“ಐದು ಅಂದಿದ್ದೆ ಪಾರಕ್ಕ. ನಾಲ್ಕ ಅದಾವ. ಕೊಟ್ಟೂರಿನವರು ಯಾರೂ ಇಲ್ಲ, ನಮ್ಮ ಹರಪನಹಳ್ಳಿಯವರೂ ಇಲ್ಲ.”

“ಐದನೇದು ಫಾತಿಮಾಂದು. ಸತ್ತಾಳ. ಆಕಿ ಸುದ್ದಿ ನಿನ್ನ ಪೇಪರ್‌ನ್ಯಾಗ ಬಂತು, ನನಗ ಓದಾಕ ಆಗಲಿಲ್ಲ. ಈಗ ಎಣಸು.”

ಅವನು ನೋಟುಬುಕ್ಕು ಮುಚ್ಚಿಟ್ಟ. ಆದರೆ ಸಂಪಾದಕ, ಅಷ್ಟಕ್ಕೆ ಸೋಲುವವನಲ್ಲ. ಬೇರೆ ಪತ್ರಿಕೆಯವರು ಸುದ್ದಿ ಹಾಗೆಯೇ ಕದ್ದು ಹಾಕಿಕೊಳ್ಳುತ್ತಾರೆ ಎಂದ. ಈಗಲೂ ಫೋಟೊ ನೋಡಿ ಕದಿಯುತ್ತಾರಲ್ಲ ಎಂದೆ. ಹುಟ್ಟುಹಬ್ಬದ ಫೋಟೊ ಇಲ್ಲದಿದ್ದರೆ ಜಾಹೀರಾತು ಕೊಟ್ಟವರು ಕೇಳುತ್ತಾರೆ ಎಂದ. ಅವರು ಎಂದಿನ ಪತ್ರಿಕೆ ನೋಡಲಿ, ನಮಗೆ ಅವರ ಮೀಸೆ ಬೇಡ, ಸುದ್ದಿ ಸಾಕು ಎಂದೆ. ಆಗ ಅವನು ಕೊನೆಯ ಬಾಣ ತೆಗೆದ.

“ನಮ್ಮದು ಹಳೇ ಫಾಂಟು. ದಿನಾ ನಾಲ್ಕು ಪುಟ ಹೊಸದಕ್ಕ ತಿರುವಿ ಹಾಕಾಕ ಇನ್ನೊಬ್ಬ ಆಳು ಬೇಕು ಪಾರಕ್ಕ. ಎಲ್ಲಿಂದ ತರ್ಲಿ?”

ಅಷ್ಟೂ ಹೊತ್ತು ಬಾಯಿ ಬಿಡದಿದ್ದ ರೇಖಾ ಕುರ್ಚಿ ತಿರುಗಿಸಿದಳು. “ತಿರುವೋದ ಬ್ಯಾಡ್ರಿ ಸರ್. ವರದಿಗಾರರು ಎಲ್ಲಾ ಸುದ್ದಿ ಫೋನಿನಾಗ ಹೊಸ ಅಕ್ಷರದಾಗ ಕಳಸ್ತಾರ. ಪುಟ ಕಟ್ಟೋ ಸಾಫ್ಟ್‌ವೇರ್ ಹಳೇದು ಅಂತ ನಾವ ಅದನ್ನ ಹಳೇ ಫಾಂಟಿಗೆ ಕೆಡಸ್ತೀವಿ. ಅಕ್ಕಾರಿಗೆ ಬೇಕಾದ್ದು ದಿನಾ ಸಂಜಿ ಇಲ್ಲೇ ಬಂದು ಬಿದ್ದಿರತೈತಿ. ಪುಟ ಆದ ಮ್ಯಾಲೆ ಅಳಿಸಿ ಹಾಕ್ತೀನಿ.”

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು ನನ್ನ ಕಥೆ. ಎರಡು ತಿಂಗಳು ನಾನು ಒಡೆದ ಪೈಪಿನ ಸುದ್ದಿಯನ್ನೇ ಓದುತ್ತ ಕುಳಿತಿದ್ದಾಗ, ಪ್ರತಿ ಸಂಜೆ ಇಡೀ ಪತ್ರಿಕೆ, ನನಗೆ ಬೇಕಾದ ಅಕ್ಷರದಲ್ಲೇ, ಈ ಕೋಣೆಯಲ್ಲಿ ಹುಟ್ಟಿ ಈ ಕೋಣೆಯಲ್ಲೇ ಸಾಯುತ್ತಿತ್ತು. ಮಹಾಂತೇಶನಿಗೂ ಅದು ಹೊಳೆದಿರಲಿಲ್ಲ. ಅವನ ಮುಖ ನನಗೆ ಕಾಣುವುದಿಲ್ಲ, ಆದರೆ ಕಿವಿ ಕೆಂಪಾದದ್ದು ಕಂಡಿತು.

“ಅಳಿಸೋಕಿಂತ ಮುಂಚೆ ಒಂದು ಸಲ ಕಳಿಸಿದ್ರ ಆತು?” ಎಂದು ರೇಖಾಳನ್ನು ಕೇಳಿದ.

“ಅಷ್ಟ ರೀ ಸರ್.”

“ಪಟ್ಟ್ಯಾಗಿರೋ ಎಲ್ಲರಿಗೂ ಕಳಸು ಹಂಗಾರೆ. ಕೇಳಿಕೆಂಡು ಬಂದ ಬ್ಯಾರೆಯವರಿಗೂ ಕಳಸು.” ಆಮೇಲೆ ನನ್ನ ಕಡೆ ತಿರುಗಿ, “ಚಾ ಕುಡೀರಿ ಪಾರಕ್ಕ, ಸಿಟ್ಟು ಬಿಡ್ರಿ” ಎಂದ. ಚಹಾ ಕುಡಿದೆ. ಸಿಟ್ಟು ಬಿಡುತ್ತೇನೆ ಅಂತ ಮಾತು ಕೊಡಲಿಲ್ಲ.

ರೇಖಾ ಅವತ್ತು ಬಂದ ಸುದ್ದಿಗಳನ್ನು ಒಂದೆಡೆ ಸೇರಿಸುತ್ತಿದ್ದಳು. ಮಹಾಂತೇಶ ಮೂಲೆಯಲ್ಲಿ ಕುಳಿತು ಫೋನಿನಲ್ಲಿ ಏನೋ ಒತ್ತಿ ಒತ್ತಿ ಅವಳಿಗೆ ಕಳಿಸಿದ. ಅವಳು ಅದನ್ನೂ ಸೇರಿಸಿ, ವೈರು ಚುಚ್ಚಿ, ಎಲ್ಲವನ್ನೂ ನನ್ನ ಯಂತ್ರಕ್ಕೆ ತುಂಬಿಕೊಟ್ಟಳು. “ನಾಳಿನ ಪೇಪರ್ ರೀ ಅಕ್ಕಾ, ಇವತ್ತ” ಎಂದಳು. ಆ ಮಾತಿಗೆ ಮೈ ಜುಮ್ಮೆಂದಿತು. ಊರಿಗಿಂತ ಒಂದು ದಿನ ಮುಂಚೆ ಓದಿ ಎಷ್ಟು ವರ್ಷವಾಗಿತ್ತು! ಅವಳ ನಂಬರು ಬರೆಸಿಕೊಂಡು, ಬೇಗ ಬೇಗ ನಿಲ್ದಾಣಕ್ಕೆ ನಡೆದು ಐದೂವರೆಯ ಬಸ್ಸು ಹಿಡಿದೆ.

ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೊತ್ತು ಮುಳುಗುತ್ತಿತ್ತು. ಊರ ಹೊರಗೆ ಮೆಕ್ಕೆಜೋಳದ ರಾಶಿಗಳ ಮೇಲೆ ತಾಡಪಾಲು ಎಳೆಯುತ್ತಿದ್ದರು. ಯಂತ್ರದ ಬೆಳಕು ಸಣ್ಣಗೆ ಮಾಡಿ, ಅಕ್ಷರ ದೊಡ್ಡದು ಮಾಡಿ ಶುರು ಹಚ್ಚಿದೆ. ಮೊದಲನೆಯದು ಮಾರುಕಟ್ಟೆಯ ಧಾರಣೆ. ಎರಡನೆಯದು ಹಡಗಲಿ ಕಡೆಯ ಶಾಲೆಯೊಂದರ ಸೋರುವ ಚಾವಣಿ. ಬಸ್ಸು ಕುಲುಕುತ್ತಿತ್ತು, ಸಾಲು ತಪ್ಪುತ್ತಿತ್ತು, ಮತ್ತೆ ಹಿಡಿಯುತ್ತಿದ್ದೆ. ಯಾವುದನ್ನೂ ಬಿಡಲಿಲ್ಲ. ಎರಡು ಸುದ್ದಿ ಮುಗಿಯುವಷ್ಟರಲ್ಲಿ ಕೊಟ್ಟೂರು ಬಂದು ಹೋಯಿತು.

ಮೂರನೆಯ ಸುದ್ದಿಯ ತಲೆಬರಹ ಓದಿ ನಿಂತೆ. “ಕಣ್ಣಿಲ್ಲದ ವೃದ್ಧೆಯ ಪತ್ರಿಕಾ ಪ್ರೇಮ.” ಯಾರಪ್ಪಾ ಇವಳು, ನನ್ನ ಹಾಗೇ ಇನ್ನೊಬ್ಬಳು ಎಂದುಕೊಂಡೆ. ಮುಂದಿನ ಪುಟ ಒತ್ತಿದೆ. ಕೂಡ್ಲಿಗಿಯ ಪಾರ್ವತಮ್ಮ ಎಂಬ ಎಂಬತ್ತರ ಅಜ್ಜಿ ಎರಡೂ ಕಣ್ಣು ಕಳೆದುಕೊಂಡಿದ್ದರೂ, ಮನೆಮಂದಿ ಓದಿ ಹೇಳುವ ನಮ್ಮ ಪತ್ರಿಕೆಯನ್ನು ಕೇಳಿಯೇ ತೃಪ್ತಿಪಡುತ್ತಾರೆ. ನಿನ್ನೆ ನಮ್ಮ ಕಚೇರಿಗೆ ಬಂದು ಸಂಪಾದಕರನ್ನು ಆಶೀರ್ವದಿಸಿದರು.

ನನಗೆ ಅರವತ್ತಮೂರು. ಮಹಾಂತೇಶ ನನಗೆ ಚಹಾ ಕುಡಿಸಿ, ನನ್ನ ಎದುರೇ ಮೂಲೆಯಲ್ಲಿ ಕುಳಿತು ಫೋನಿನಲ್ಲಿ ಒತ್ತಿದ್ದು ಇದನ್ನೇ. ಇದು ನಾಳೆ ಬೆಳಗ್ಗೆ ಐದು ತಾಲೂಕಿನಲ್ಲಿ ಓದಿಸಿಕೊಳ್ಳುತ್ತಿತ್ತು, ನಮ್ಮ ಮನೆಯ ಒಲೆಯ ಮುಂದೆ ಮಾತ್ರ ಸುಮಂಗಲಾ ಸದ್ದಿಲ್ಲದೆ ದಾಟಿಸಿಬಿಡುತ್ತಿದ್ದಳು. ಫೋನು ತೆಗೆದು ರೇಖಾಳಿಗೆ ಹಚ್ಚಿದೆ.

“ಪುಟ ಕಟ್ಟಿ ಆತೇನವ್ವಾ?”

“ಇನ್ನೂ ಇಲ್ರಿ ಅಕ್ಕಾ. ಯಾಕ್ರಿ?”

“ಮೂರನೇ ಸುದ್ದಿ ತಿದ್ದಬೇಕು. ಕಣ್ಣಿಲ್ಲದ ವೃದ್ಧೆ ಅಂತ ಐತಲ್ಲ, ಅದು.”

ಅವಳು ಮೆಲ್ಲಗೆ, “ಅಯ್ಯ, ಅದನ್ನ ನಿಮಗ ಯಾರು ಓದಿ ಹೇಳಿದ್ರು?” ಎಂದಳು.

“ನಾನ ಓದೀನಿ!” ಎಂದೆ. ಕಂಡಕ್ಟರು ತಿರುಗಿ ನೋಡುವಷ್ಟು ಜೋರಾಗಿಯೇ ಅಂದೆ. “ಬರಕೋ. ಕಣ್ಣಿಲ್ಲದ ವೃದ್ಧೆ ತಗಿ, ಓದುಗರು ಅಂತ ಹಾಕು. ವಯಸ್ಸು ಅರವತ್ತಮೂರು. ಮತ್ತ ಆಶೀರ್ವಾದ ಮಾಡಿದರು ಅಂತ ಐತಲ್ಲ, ಅದು ಸುಳ್ಳು. ಜಗಳ ಮಾಡಿದರು ಅಂತ ಹಾಕು.”

ರೇಖಾ ನಗುತ್ತಲೇ ಬರೆದುಕೊಂಡಳು. ಫೋನು ಚೀಲಕ್ಕೆ ಹಾಕಿ ನಾಲ್ಕನೆಯ ಸುದ್ದಿಗೆ ಹೋದೆ. ಕೂಡ್ಲಿಗಿ ಇನ್ನೂ ಹತ್ತು ಕಿಲೋಮೀಟರ್ ಇತ್ತು.